ಕೊಕ್ಕಿನ ಕಬ್ಬಿಣ

ಮಾರ್ಚ್ 4, ಸೋಮವಾರ

ಇದನ್ನು ಯಾರಿಗೂ ತೋರಿಸಲು ಬರೆಯುತ್ತಿಲ್ಲ. ಬಾಯಿಬಿಟ್ಟು ಹೇಳೋಣವೆಂದರೆ ಮನೆಯಲ್ಲಿ ಕೇಳುವವರಿಲ್ಲ. ಇವರ ಅಪ್ಪನಿಗೆ ಮಾತು ಹೋಗಿದೆ, ಇವರಿಗೆ ಮಾತು ಬೇಡವಾಗಿದೆ. ಉಳಿದವಳು ನಾನೊಬ್ಬಳು. ಗಿರಾಕಿಗಳ ಅಳತೆ ಬರೆದುಕೊಳ್ಳುವ ಪುಸ್ತಕದ ಹಿಂದಿನ ಹಾಳೆಗಳು ಖಾಲಿ ಇದ್ದವು, ಶುರು ಮಾಡಿದ್ದೇನೆ.

ಇವರ ಅಪ್ಪನಿಗೆ ಲಕ್ವ ಹೊಡೆದು ಬಲಗೈ ಬಲಗಾಲು ಬಿದ್ದುಹೋದವು. ಆಸ್ಪತ್ರೆಯಿಂದ ಕರೆತಂದ ಮೇಲೆ ಅವರ ಬಾಯಲ್ಲಿ ಸ್ಪಷ್ಟವಾಗಿ ಬರುವುದು ಒಂದೇ ಒಂದು: "ಥೂ ಮುಂಡೇದೆ." ನೀರು ಬೇಕಾದರೂ ಅದೇ, ಬೆನ್ನು ಕಡಿದರೂ ಅದೇ, ಕಿಟಕಿ ಮುಚ್ಚಬೇಕಾದರೂ ಅದೇ. ಭಾಷೆಯೆಲ್ಲ ಸೋರಿ ಹೋಗಿ ತಳದಲ್ಲಿ ಬೈಗುಳ ಉಳಿದಿದೆ. ಡಾಕ್ಟರು ಇದು ಸಾಮಾನ್ಯ ಅಂದರು. ಕೇಳಿಸಿಕೊಳ್ಳುವವರು ಅವರಲ್ಲವಲ್ಲ.

ಮೊದಲೂ ಮಾತಿನ ಮನುಷ್ಯರೇನಲ್ಲ. ನಾನು ಸೊಸೆಯಾಗಿ ಬಂದ ದಿನದಿಂದ ನನ್ನನ್ನು ಕರೆದದ್ದು "ಸೂಜಿ" ಅಂತ, ಹೊಲಿಗೆಯವಳು ಅನ್ನುವ ಕಾರಣಕ್ಕೆ. "ಸೂಜಿ, ಊಟ." "ಸೂಜಿ, ಲೈಟು ಆರಿಸು." ಅಷ್ಟು ಬಿಟ್ಟರೆ ಮನೆಯ ಮುಂಭಾಗದ ಟೈರು ಅಂಗಡಿಯಲ್ಲೇ ಅವರ ಸಂಸಾರ. ಈಗ ಅಂಗಡಿಗೆ ಬೀಗ. ರಬ್ಬರಿನ ವಾಸನೆ ಮಾತ್ರ ಬಾಗಿಲ ಸಂದಿಯಿಂದ ನಡುಮನೆಗೆ ಬಂದು ನನ್ನ ಹೊಲಿಗೆ ಮೆಷಿನ್ನಿನ ಮೇಲೆ ಕೂರುತ್ತದೆ.

ಇವತ್ತು ಮೂರು ಸಮವಸ್ತ್ರ ಹೊಲಿದು ಕೊಡಬೇಕಿತ್ತು. ಒಂದಕ್ಕೂ ಗುಂಡಿ ಹಾಕಲಾಗಲಿಲ್ಲ.

ಮಾರ್ಚ್ 12, ಮಂಗಳವಾರ

ಮಂಗಳವಾರ ಅಂದರೆ ಆಸ್ಪತ್ರೆಯಲ್ಲಿ ಮಾತು ಕಲಿಸುವ ಟೀಚರಮ್ಮನ ಹತ್ತಿರ ಹೋಗುವ ದಿನ. ಗಾಲಿಕುರ್ಚಿಯನ್ನು ಆಟೋಗೆ ಹತ್ತಿಸಿ, ಇಳಿಸಿ, ಮತ್ತೆ ಹತ್ತಿಸಿ, ನನ್ನ ಸೊಂಟ ನನ್ನದಾಗಿ ಉಳಿದಿಲ್ಲ. ಇವರು ಬಸ್ಸಿನ ಡ್ರೈವರು, ರಜೆ ಸಿಗುವುದಿಲ್ಲವಂತೆ. ಸಿಕ್ಕರೂ ಬರುವುದಿಲ್ಲ ಅಂತ ನನಗೆ ಗೊತ್ತು. ಅಪ್ಪನ ಮಂಚದ ಹತ್ತಿರ ಒಂದು ನಿಮಿಷ ನಿಂತರೆ ಇವರಿಗೆ ಬೀದಿಯಲ್ಲಿ ಏನೋ ಕೆಲಸ ನೆನಪಾಗುತ್ತದೆ.

ಟೀಚರಮ್ಮ ಚಿತ್ರ ತೋರಿಸಿದರು. ಬಾಚಣಿಗೆ, ಬೀಗದ ಕೈ, ಲೋಟ. ಎಲ್ಲಕ್ಕೂ ಮುಂಡೇದೆ. ಆಕೆ ನಗಲಿಲ್ಲ, ಒಳ್ಳೆಯವರು. ಚಿತ್ರ ಬೇಡ, ಅವರು ಜೀವಮಾನವಿಡೀ ಹಿಡಿದ ಸಾಮಾನನ್ನೇ ಕೈಗೆ ಕೊಟ್ಟು ನೋಡಿ ಅಂದರು. ಹೆಸರು ಬರದಿದ್ದರೆ ಮೊದಲ ಅಕ್ಷರ ನಾವು ಹೇಳಿಕೊಡಬೇಕಂತೆ, ಉಳಿದದ್ದು ಅದರ ಹಿಂದೆ ತಾನೇ ಬರಬಹುದಂತೆ. ಬರುವ ಮಾತು ಮೊದಲ ತಿಂಗಳುಗಳಲ್ಲೇ ಬರಬೇಕು, ಸುಧಾರಣೆ ಕಾಣದವರ ಜಾಗವನ್ನು ಕಾಯುತ್ತಿರುವವರಿಗೆ ಬಿಟ್ಟುಕೊಡಬೇಕಾಗುತ್ತದೆ ಅಂತಲೂ ಹೇಳಿದರು. ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದವರನ್ನು ನೋಡಿದೆ. ಅವರಲ್ಲಿ ಯಾರ ಮೇಲೂ ನನಗೆ ಕರುಣೆ ಹುಟ್ಟಲಿಲ್ಲ.

ಮಾರ್ಚ್ 13, ಬುಧವಾರ

ಅಂಗಡಿಯ ಬೀಗ ತೆಗೆದು ಕೈಗೆ ಸಿಕ್ಕಿದ ಸಾಮಾನನ್ನೆಲ್ಲ ಚೀಲಕ್ಕೆ ತುಂಬಿ ತಂದೆ. ಸುತ್ತಿಗೆ ತೋರಿಸಿ "ಸು" ಅಂದೆ. ತುಟಿ ಸೊಟ್ಟ ಮಾಡಿದರು, ಹಣೆ ಬೆವರಿತು. ಆಮೇಲೆ "ಸುತ್ತಿಗೆ" ಅಂದರು.

ನೆಟ್ಟಗೆ, ಪೂರ್ತಿಯಾಗಿ, ಸುತ್ತಿಗೆ.

ನಾನು ಬೀದಿಗೆ ಓಡಿದೆ, ಯಾರಿಗೆ ಹೇಳಬೇಕು ಅಂತ ಗೊತ್ತಾಗದೆ ವಾಪಸು ಬಂದೆ. ಇವರಿಗೆ ಫೋನು ಮಾಡಿದೆ. "ಹೌದಾ" ಅಂದು ಇಟ್ಟರು. ಇಷ್ಟು ದಿನ ಬೈಸಿಕೊಂಡಿದ್ದಕ್ಕೆ ಒಂದು ಸುತ್ತಿಗೆ ಬಂತಲ್ಲ, ಸಾಕು. ಮಧ್ಯಾಹ್ನ "ಜಾ" ಅಂದದ್ದಕ್ಕೆ "ಜಾಕು", "ಪಂ" ಅಂದದ್ದಕ್ಕೆ "ಪಂಪು." ಅವರಿಗೆ ನಗು ಬಂತು. ಅವರ ಹಲ್ಲು ನಾನು ಸರಿಯಾಗಿ ನೋಡಿದ್ದು ಇವತ್ತೇ ಇರಬೇಕು.

ಮಾರ್ಚ್ 16, ಶನಿವಾರ

ಒಂದು ಸಾಮಾನು ತೊಂದರೆ ಕೊಡುತ್ತಿದೆ. ಅಂಗಡಿಯ ಒಳಗೋಡೆಯ ಮೊಳೆಗೆ ನೇತುಹಾಕಿದ್ದು. ನನ್ನ ತೋಳಿನಷ್ಟು ಉದ್ದದ ಕಬ್ಬಿಣ. ಒಂದು ತುದಿ ಚಪ್ಪಟೆಯಾಗಿ ಕೆಳಕ್ಕೆ ಬಾಗಿ ಗಿಣಿಯ ಕೊಕ್ಕಿನ ಹಾಗಿದೆ, ಇನ್ನೊಂದು ತುದಿ ದುಂಡಗೆ, ಹಿಡಿದು ಹಿಡಿದು ನುಣುಪಾಗಿದೆ. ಟೈರು ಬಿಚ್ಚುವುದಕ್ಕೇ ಇರಬೇಕು, ಆದರೆ ಮೀಟಿ ಬಿಚ್ಚುವ ಕಬ್ಬಿಣದ ಪಟ್ಟಿಗಳು ಬೇರೆ ಇವೆ, ಅವು ಹೀಗಿಲ್ಲ.

ಚೀಲದಿಂದ ತೆಗೆದದ್ದೇ ತಡ, ಎಡಗೈಯಲ್ಲಿ ಕಸಿದುಕೊಂಡು ಎದೆಯ ಮೇಲಿಟ್ಟುಕೊಂಡರು. ಬೇರೆ ಯಾವ ಸಾಮಾನಿಗೂ ಹೀಗೆ ಮಾಡಿರಲಿಲ್ಲ. ಆದರೆ ಹಿಡಿದದ್ದು ತಲೆಕೆಳಗು. ಕೊಕ್ಕು ಅವರ ಮುಷ್ಟಿಯಲ್ಲಿ, ಹಿಡಿಕೆ ನನ್ನ ಕಡೆಗೆ. ನನ್ನ ಹೊಟ್ಟೆಗೆ ತಿವಿಯುವ ಹಾಗೆ ಮುಂದಕ್ಕೆ ಚಾಚಿದರು. ಸೊಟ್ಟಗಿರುವುದನ್ನು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ, ಹೊಲಿಗೆಯವಳ ಚಾಳಿ. ಅದನ್ನು ತಿರುಗಿಸಿ ಹಿಡಿಕೆಯನ್ನು ಅವರ ಅಂಗೈಗೆ ಸರಿಯಾಗಿ ಕೂರಿಸಿದೆ. ಮುಂಡೇದೆ ಅಂದರು. ಮತ್ತೆ ಒದ್ದಾಡಿ ಕೊಕ್ಕಿನ ಕಡೆಗೇ ಹಿಡಿದರು, ಮತ್ತೆ ನನ್ನತ್ತ ಚಾಚಿದರು. ನಾನು ಮತ್ತೆ ತಿರುಗಿಸಿದೆ. ಕೊನೆಗೆ ಅದರಿಂದಲೇ ಮಂಚಕ್ಕೆ ಬಡಿದರು.

ಹೆಸರು ಕೇಳುತ್ತಿದ್ದಾರೆ ಅಂತ ನನಗೆ ಅನ್ನಿಸಿತು. ಮೊದಲ ಅಕ್ಷರ ಕೊಡು ಅನ್ನುತ್ತಿದ್ದಾರೆ. ನನಗೆ ಹೆಸರೇ ಗೊತ್ತಿಲ್ಲ, ಅಕ್ಷರ ಎಲ್ಲಿಂದ ತರಲಿ?

ಇವರನ್ನು ಕೇಳಿದೆ. ದೂರದಿಂದಲೇ ನೋಡಿ, ಅಮ್ಮನ ಕಾಲದಿಂದ ಅಲ್ಲೇ ನೇತಾಡುತ್ತಿದೆ, ಯಾವುದೋ ಕಬ್ಬಿಣ ಅಂದರು. ಅತ್ತೆಯನ್ನು ನಾನು ಫೋಟೋದಲ್ಲಿ ಮಾತ್ರ ನೋಡಿದ್ದು, ತುಟಿ ಬಿಗಿದುಕೊಂಡು ಕೂತಿದ್ದಾರೆ. ಅವರೂ ಅಂಗಡಿಯಲ್ಲೇ ಇರುತ್ತಿದ್ದರಂತೆ.

ಮಾರ್ಚ್ 19, ಮಂಗಳವಾರ

ಸುತ್ತಿಗೆ, ಜಾಕು, ಪಂಪು, ಮೂರನ್ನೂ ಟೀಚರಮ್ಮನ ಎದುರು ಹೇಳಿದರು. ನನ್ನ ಮಕ್ಕಳು ಪಾಸಾಗಿದ್ದರೂ ಇಷ್ಟು ಹಿಗ್ಗುತ್ತಿದ್ದೆನೋ ಇಲ್ಲವೋ. ಮಕ್ಕಳಾಗಲಿಲ್ಲ, ಅದು ಬೇರೆ ಮಾತು.

ಆಮೇಲೆ ಕೊಕ್ಕಿನ ಕಬ್ಬಿಣ ಕೊಟ್ಟೆ. ಕೊಡಬಾರದಿತ್ತು. ಹಾಗೆಯೇ ತಲೆಕೆಳಗು ಹಿಡಿದರು. ಟೀಚರಮ್ಮನತ್ತ ಚಾಚಲಿಲ್ಲ, ನನ್ನತ್ತಲೇ ಚಾಚಿದರು. ನಾನು ತಿರುಗಿಸಿ ಕೊಟ್ಟೆ. ಬೇಡ ಅಂತ ತಲೆ ಕೊಡವಿದರು. ಟೀಚರಮ್ಮ ಸುಮ್ಮನೆ ನೋಡುತ್ತಾ ಏನೋ ಬರೆದುಕೊಂಡರು.

ಹೊರಗೆ ಕರೆದು ಮೆಲ್ಲಗೆ ಹೇಳಿದರು. ಹೆಸರು ಮರೆಯುವುದು ಬೇರೆ, ಸಾಮಾನನ್ನು ಹೇಗೆ ಹಿಡಿಯಬೇಕು ಅನ್ನುವುದೇ ಮರೆಯುವುದು ಬೇರೆ. ತಾವೇ ಬಳಸಿದ ಹತ್ಯಾರದ ಹಿಡಿಕೆ ಯಾವುದು ಅಂತ ತಿಳಿಯದಿದ್ದರೆ ತಿಳಿವಳಿಕೆಯೂ ಹೋಗುತ್ತಿದೆ ಅಂತ ಅರ್ಥವಾಗಬಹುದು. ಇನ್ನು ಎರಡು ಮಂಗಳವಾರ ನೋಡೋಣ ಅಂದರು.

ತಿಳಿವಳಿಕೆ ಹೋಗಿಲ್ಲ. ಆ ಕಣ್ಣು ನೋಡಿದವರು ಹಾಗೆ ಹೇಳಲಾರರು. ಈ ಕಬ್ಬಿಣದ ಹೆಸರು ಹುಡುಕುತ್ತೇನೆ. ಮೊದಲ ಅಕ್ಷರ ಕೊಡುತ್ತೇನೆ, ಅವರು ಪೂರ್ತಿ ಹೇಳುತ್ತಾರೆ, ಟೀಚರಮ್ಮ ಬರೆದದ್ದನ್ನು ಅವರೇ ಹೊಡೆದುಹಾಕುತ್ತಾರೆ.

ಮಾರ್ಚ್ 22, ಶುಕ್ರವಾರ

ಕಬ್ಬಿಣವನ್ನು ಟವೆಲಿನಲ್ಲಿ ಸುತ್ತಿಕೊಂಡು ಊರು ಸುತ್ತಿದೆ. ದೊಡ್ಡ ರಸ್ತೆಯ ಟೈರು ಅಂಗಡಿಯಲ್ಲಿ ಎಲ್ಲ ಮೆಷಿನ್ನೇ. ಅವರು ತಿರುಗಿಸಿ ಮುರುಗಿಸಿ ನೋಡಿ, ಇದು ಬಾಗಿಲು ಮುರಿಯುವುದು, ಎಲ್ಲಿ ಸಿಕ್ಕಿತು ಅಂತ ನನ್ನನ್ನೇ ಒಂದು ಥರ ನೋಡಿದರು. ಬಿಡಿಭಾಗದ ಅಂಗಡಿಯವರು ಯಾವುದೋ ಹಳೆಯ ಜಾಕಿನ ಹಿಡಿಕೆ ಅಂದರು. ಗುಜರಿಯವನು ತಕ್ಕಡಿಯ ಮೇಲಿಟ್ಟು, "ನಮ್ಮಲ್ಲಿ ಇದಕ್ಕೆ ಒಂದೇ ಹೆಸರು ಕಣಮ್ಮ, ಕಬ್ಬಿಣ" ಅಂದ. ನಗಬೇಕಿತ್ತು. ಅವನ ಅಂಗಡಿಯ ಮುಂದೆಯೇ ನಿಂತು ಅತ್ತುಬಿಟ್ಟೆ, ಅವನು ಗಾಬರಿಯಾಗಿ ಕುರ್ಚಿ ತಂದುಕೊಟ್ಟ.

ಇವರು ಡ್ರೈವರುಗಳ ಗುಂಪಿಗೆ ಫೋಟೋ ಕಳಿಸಿದರು. ಒಬ್ಬ ಮೀನಿನ ಗಾಳ ಅಂದ, ಒಬ್ಬ ಹೆಂಡತಿಯ ಕೈಗೆ ಸಿಗದ ಹಾಗೆ ಇಡಿ ಅಂದ.

ಮನೆಗೆ ಬಂದು ಕೇಳಿದ ಹೆಸರುಗಳದ್ದೆಲ್ಲ ಮೊದಲ ಅಕ್ಷರ ಒಂದೊಂದಾಗಿ ಹೇಳಿದೆ. ಮಾವ ಎಲ್ಲಕ್ಕೂ ಅಲ್ಲ ಅಂತ ತಲೆಯಲ್ಲಾಡಿಸಿದರು. ಕೊಕ್ಕು ಹಿಡಿದು ನನ್ನತ್ತ ಚಾಚುವುದು ಮಾತ್ರ ಬಿಡಲಿಲ್ಲ.

ಮಾರ್ಚ್ 26, ಮಂಗಳವಾರ

ಇವತ್ತು "ಜಾ" ಅಂದರೆ ಸುತ್ತಿಗೆ ಅಂದರು. "ಪಂ" ಅಂದರೂ ಸುತ್ತಿಗೆ. ಟೀಚರಮ್ಮ ಒಂದೇ ಒಂದು ಮಂಗಳವಾರ ಉಳಿದಿದೆ ಅಂತ ನೆನಪಿಸಿದರು, ಬೇಕಿರಲಿಲ್ಲ.

ಮಾರ್ಚ್ 29, ಶುಕ್ರವಾರ

ಸಮವಸ್ತ್ರದವರು ಬಂದು ಬಟ್ಟೆ ವಾಪಸು ತೆಗೆದುಕೊಂಡು ಹೋದರು. ಹೋಗಲಿ.

ಮಾವನ ಮುಖ ಕ್ಷೌರ ಮಾಡಿದೆ. ಎಡಗೆನ್ನೆಯ ಕೆಳಗೆ ಹಳೆಯ ಗಾಯದ ಗುರುತಿದೆ, ಬ್ಲೇಡು ಅಲ್ಲಿ ಸುತ್ತಿ ಹೋಗಬೇಕು. ಮುಗಿಸಿದ ಮೇಲೆ ಕನ್ನಡಿ ಹಿಡಿದೆ. ಕನ್ನಡಿ ನೋಡಲಿಲ್ಲ, ನನ್ನನ್ನು ನೋಡಿದರು. ಮತ್ತೆ ಆ ಕಬ್ಬಿಣ. ಮತ್ತೆ ಹಾಗೆಯೇ. ನನಗೂ ರೋಸಿಹೋಯಿತು. ತಿರುಗಿಸದೆ, ತೆಗೆದುಕೊಳ್ಳದೆ ಎದ್ದು ಬಟ್ಟೆ ಒಗೆಯಲು ಹೋದೆ. ಬಹಳ ಹೊತ್ತು ಚಾಚಿಕೊಂಡೇ ಇದ್ದರು ಅನ್ನಿಸುತ್ತದೆ. ಬಕೆಟ್ಟು ಎತ್ತಿಕೊಂಡು ಹೋಗುವಾಗ ನೋಡಿದೆ, ತೋಳು ಇನ್ನೂ ಇಳಿದಿರಲಿಲ್ಲ.

ಏಪ್ರಿಲ್ 2, ಮಂಗಳವಾರ

ಮುಗಿಯಿತು. ಸುತ್ತಿಗೆಯೂ ಬರಲಿಲ್ಲ.

ಕೊಕ್ಕಿನ ಕಬ್ಬಿಣವನ್ನು ಇವತ್ತು ಸರಿಯಾಗಿ ಹಿಡಿದರೆ ಸಾಕು, ಹೆಸರೂ ಬೇಡ, ಟೀಚರಮ್ಮನ ಮನಸ್ಸು ಕರಗುತ್ತದೆ ಅಂತ ಎಣಿಸಿದ್ದೆ. ಬೆಳಗಿನಿಂದ ಅದನ್ನೇ ಕಲಿಸಿದ್ದೆ, ಹಿಡಿಕೆ ನಿಮ್ಮ ಕಡೆ, ಕೊಕ್ಕು ಆಚೆ. ಅಲ್ಲಿ ಹೋದ ಮೇಲೆ ಮತ್ತೆ ಕೊಕ್ಕು ಮುಷ್ಟಿಯಲ್ಲಿ, ಹಿಡಿಕೆ ನನ್ನ ಎದೆಗೆ. ನನ್ನ ತಾಳ್ಮೆಯ ಕಟ್ಟೆಯೊಡೆಯಿತು. ಎಲ್ಲರೆದುರಿಗೆ ಕೂಗಿದೆ.

"ತಿರುಗಿಸಿ ಹಿಡೀರಿ ಮಾವ! ಎಷ್ಟು ಸಲ ಹೇಳ್ಬೇಕು ನಿಮಗೆ?"

ಅವರ ಕೈ ಕೆಳಗೆ ಬಿತ್ತು. ಕಬ್ಬಿಣ ನೆಲಕ್ಕೆ ಬಿದ್ದು ಸದ್ದಾಯಿತು. ಬೈಯಲಿಲ್ಲ. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳುವ ಕೈ ಯಾವುದು ಅಂತ ಅವರಿಗೆ ಹೊಳೆಯದ ಹಾಗೆ ಎರಡು ಕೈಯನ್ನೂ ನೋಡಿಕೊಂಡರು. ನಾನು ಒರೆಸಿದೆ. ಟೀಚರಮ್ಮ ನಮ್ಮ ಜಾಗ ಬೆಂಚಿನ ಮೇಲಿದ್ದವರಿಗೆ ಕೊಟ್ಟರು, ಅವರದ್ದೇನೂ ತಪ್ಪಿಲ್ಲ.

ಏಪ್ರಿಲ್ 3, ಬುಧವಾರ

ಏನು ಬರೆಯಲಿ.

ಏಪ್ರಿಲ್ 11, ಗುರುವಾರ

ಸೋಮವಾರ ಬೆಳಗ್ಗೆ ಗಂಜಿ ಕುಡಿಸುತ್ತಿದ್ದೆ. ಚಮಚ ಹಲ್ಲಿಗೆ ಸಿಕ್ಕಿತು, ಬಾಯಿ ಮುಚ್ಚಲಿಲ್ಲ. ಎರಡನೆಯ ಸಲ ಹೊಡೆಯಿತು.

ಈಗ ಎಡಗೈಯೂ ಇಲ್ಲ. ಕಣ್ಣು ತೆರೆದಿರುತ್ತದೆ, ಒಮ್ಮೊಮ್ಮೆ ನಾನು ಹೋದ ಕಡೆ ಹೊರಳುತ್ತದೆ. ಮನೆಗೆ ಕರೆದುಕೊಂಡು ಹೋಗಿ, ಇನ್ನು ಎಷ್ಟು ದಿನವೋ ಅಷ್ಟು ಅಂದರು ಡಾಕ್ಟರು. ಕರೆತಂದೆವು. ಮನೆಯಲ್ಲಿ ಈಗ ಯಾರೂ ಬೈಯುವುದಿಲ್ಲ. ಒಂದೇ ಒಂದು ಸಲ ಮುಂಡೇದೆ ಅನ್ನಲಿ ಅಂತ ಮಂಚದ ಪಕ್ಕ ಕೂತು ಕಾಯುತ್ತೇನೆ, ನನ್ನ ಹಣೆಬರಹ ನೋಡಿ.

ಕಬ್ಬಿಣವನ್ನು ನಾನೇ ಮತ್ತೆ ಆ ಮೊಳೆಗೆ ನೇತುಹಾಕಿ ಬಂದೆ. ಅದರ ಮುಖ ನೋಡಿದರೆ ನನಗೆ ಆಗುವುದಿಲ್ಲ.

ಏಪ್ರಿಲ್ 20, ಶನಿವಾರ

ಟ್ರ್ಯಾಕ್ಟರಿನವನೊಬ್ಬ ಬಾಗಿಲು ತಟ್ಟಿದ. ಮಾವನಿಗೆ ಲಕ್ವ ಹೊಡೆಯುವ ಮುಂಚೆ ತನ್ನ ಹಳೆಯ ಟ್ರೇಲರಿನ ಚಕ್ರ ಬಿಟ್ಟುಹೋಗಿದ್ದನಂತೆ, ಅಂಗಡಿಯ ಮೂಲೆಗೆ ಒರಗಿದೆಯಲ್ಲ, ಅದೇ. ಟೈರು ಬಿಚ್ಚಿ ಕೊಟ್ಟರೆ ಒಯ್ಯುತ್ತಾನೆ. ಆ ತುಕ್ಕು ಹಿಡಿದ ರಿಮ್ಮನ್ನು ಮೆಷಿನ್ನಿನವರು ಹತ್ತಿರಕ್ಕೂ ಸೇರಿಸಲಿಲ್ಲವಂತೆ. ಮಾವನನ್ನು ನೋಡಿ ಬರುತ್ತೇನೆ ಅಂತ ಒಳಗೆ ಹೋದವನು ಬಾಗಿಲಲ್ಲೇ ನಿಂತು ಹೊರಗೆ ಬಂದ.

ನಾಳೆ ಭಾನುವಾರ, ನಾನೇ ಬಿಚ್ಚಿ ಕೊಡುತ್ತೇನೆ ಅಂದರು ಇವರು. ನನಗೆ ಆಶ್ಚರ್ಯವಾಯಿತು. ಟೈರಿನವನ ಮಗ ಟೈರಿನ ಮೇಲೆ ಕೂತು ಊರು ತಿರುಗಿದರೇ ಹೊರತು ಮದುವೆಯಾದಾಗಿನಿಂದ ಒಂದು ಟ್ಯೂಬನ್ನೂ ಮುಟ್ಟಿದ್ದು ನಾನು ಕಂಡಿಲ್ಲ. ಒಬ್ಬರ ಕೈಲಿ ಆಗುವುದಿಲ್ಲ, ನೀನೂ ಬಾ ಅಂದರು.

ಏಪ್ರಿಲ್ 21, ಭಾನುವಾರ

ಎಡಗೈಯಲ್ಲಿ ಬರೆಯುತ್ತಿದ್ದೇನೆ, ಅಕ್ಷರಗಳು ಕಾಲು ಮುರಿದುಕೊಂಡಿವೆ. ಪುಸ್ತಕ ತೊಡೆಯ ಮೇಲಿದೆ. ಆದದ್ದನ್ನು ಆದ ಹಾಗೆ ಬರೆದುಬಿಡಬೇಕು.

ಬೆಳಗ್ಗೆ ಚಕ್ರವನ್ನು ನೆಲಕ್ಕೆ ಮಲಗಿಸಿ, ಗಾಳಿ ತೆಗೆದು, ಇವರು ಟೈರಿನ ಸುತ್ತ ತುಳಿದು ತುಳಿದು ರಬ್ಬರನ್ನು ರಿಮ್ಮಿನಿಂದ ಬಿಡಿಸಿದರು. ಆಮೇಲೆ ಪಟ್ಟಿ ತೂರಿಸಿ ಟೈರಿನ ಅಂಚನ್ನು ಮೇಲಕ್ಕೆ ಮೀಟಿದರು. ಒಂದು ಗೇಣು ಎದ್ದಿತು. ಪಟ್ಟಿಯನ್ನು ಮುಂದಕ್ಕೆ ಒಯ್ದ ಕೂಡಲೇ ಎದ್ದದ್ದು ಹಿಂದಕ್ಕೆ ಜಾರಿ ಕೂತಿತು. ಮೂರು ಸಲ ಹೀಗೇ ಆಯಿತು. ಬೈದುಕೊಂಡರು, ಅಪ್ಪನದೇ ಬೈಗುಳ. ಆಮೇಲೆ ಎದ್ದು, ಯೋಚಿಸದೆ, ಸೀದಾ ಒಳಗೋಡೆಯ ಮೊಳೆಗೆ ಕೈ ಹಾಕಿದರು. ಕೊಕ್ಕಿನ ಕಬ್ಬಿಣ ತೆಗೆದುಕೊಂಡು ಬಂದು ಕೂತರು. ಕಣ್ಣು ಟೈರಿನ ಮೇಲೆಯೇ ಇತ್ತು. ಕೊಕ್ಕನ್ನು ತಮ್ಮ ಮುಷ್ಟಿಯಲ್ಲಿ ಹಿಡಿದು, ಹಿಡಿಕೆಯನ್ನು ನನ್ನ ಎದೆಗೆ ಚಾಚಿದರು.

"ಹಿಡ್ಕೋ."

ನಾನು ತೆಗೆದುಕೊಳ್ಳಲಿಲ್ಲ. ಕೈ ಮೇಲೇಳಲಿಲ್ಲ.

"ಹಿಡ್ಕೋ ಅಂದ್ನಲ್ಲ" ಅಂದರು.

ಹೀಗೇಕೆ ತಲೆಕೆಳಗು ಕೊಡುತ್ತೀರಿ ಅಂತ ಕೇಳಿದೆ.

"ತಲೆಕೆಳಗೇನು ಬಂತು? ಹಿಡ್ಕೊಳ್ಳೋರ ಕಡೆ ಹಿಡಿಕೆ ಕೊಡಬೇಕು ತಾನೇ. ಕೊಕ್ಕನ್ನ ನಾನು ರಿಮ್ಮಿಗೆ ಕೂರಿಸ್ತೀನಿ, ನೀನು ಒತ್ತಿ ಹಿಡಿದಿರು, ಎತ್ತಿದ್ದು ಜಾರಬಾರದು. ಕೈಗೆ ಬಂದ ಮೇಲೆ ಈಗ ನೆನಪಾಯ್ತು, ಅಪ್ಪ ಅಮ್ಮಂಗೆ ಹೀಗೇ ಕೊಡ್ತಿದ್ದಿದ್ದು."

ಅದರ ಹೆಸರು ಕೇಳಿದೆ. ಹೆಸರು ಎಲ್ಲಿತ್ತು, ಹಿಡ್ಕೋ ಅನ್ನೋರು, ಅಮ್ಮ ಹಿಡ್ಕೊಳ್ಳೋಳು ಅಂದರು. ಅಂದವರು ಮಂಚವಿದ್ದ ಕಡೆ ತಿರುಗಿ ನೋಡಿದರು. ಅಷ್ಟು ದಿನ ಮಂಚದ ಹತ್ತಿರ ಬರದಿದ್ದವರು, ಅಪ್ಪ ಅದನ್ನು ಹೇಗೆ ಹಿಡಿಯುತ್ತಿದ್ದರು ಅಂತ ಒಂದು ಸಲವೂ ಕಣ್ಣಾರೆ ನೋಡಿರಲಿಲ್ಲ. ನಾನು ದಿನಾ ನೋಡಿದ್ದೆ, ದಿನಾ ತಿದ್ದಿದ್ದೆ. ಕತ್ತರಿಯನ್ನು ಯಾರಿಗೇ ಕೊಡಲಿ, ಅಲಗನ್ನು ನನ್ನ ಮುಷ್ಟಿಯಲ್ಲಿಟ್ಟುಕೊಂಡು ಹಿಡಿಕೆಯ ಕಡೆ ಕೊಡುವವಳು ನಾನು. ಹುಟ್ಟಾ ಹೊಲಿಗೆಯವಳು. ನನಗೇ ಹೊಳೆಯಲಿಲ್ಲ.

ಎದ್ದು ಓಡಬೇಕು ಅನ್ನಿಸಿತು, ಆದರೆ ಅಷ್ಟರಲ್ಲಿ ಹಿಡಿಕೆ ನನ್ನ ಕೈಯಲ್ಲಿತ್ತು. ಇವರು ಕೊಕ್ಕನ್ನು ರಿಮ್ಮಿನ ಅಂಚಿಗೆ ಸಿಗಿಸಿದ್ದರು. "ನಾನು 'ಬಿಡು' ಅನ್ನೋ ತನಕ ಬಿಡಬೇಡ, ಬಿಟ್ರೆ ಗದ್ದಕ್ಕೆ ಹೊಡೆಯುತ್ತೆ. ಅಮ್ಮನ ಹಲ್ಲು ಹೋಗಿದ್ದು ಹಾಗೇ" ಅಂದರು. ಒತ್ತಿ ಹಿಡಿದೆ. ಕಬ್ಬಿಣ ಜೀವ ಇರುವುದರ ಹಾಗೆ ಕೈಯೊಳಗೆ ಮೇಲಕ್ಕೆ ನೂಕುತ್ತಿತ್ತು. ಇವರು ಪಟ್ಟಿ ಹಿಡಿದು ಸುತ್ತ ಬಂದರು, ಅಂಚು ಬಿಡುತ್ತಾ ಬಂತು, ಕಣ್ಣೀರು ಟೈರಿನ ಮೇಲೆ ಬೀಳುತ್ತಿದ್ದದ್ದು ನನ್ನದೋ ಇವರದೋ ತಿಳಿಯಲಿಲ್ಲ. ಪೂರ್ತಿ ಸುತ್ತಿ ನನ್ನ ಪಕ್ಕಕ್ಕೆ ಬಂದ ಮೇಲೆ "ಬಿಡು" ಅಂದರು. ಬಿಟ್ಟೆ. ಟೈರು ಕಳಚಿಕೊಂಡಿತು.

ಕಬ್ಬಿಣ ತೆಗೆದುಕೊಂಡು ಒಳಗೆ ಬಂದೆ. ಮಾವನ ಕಣ್ಣು ತೆರೆದಿತ್ತು. ಉಸಿರು ನಿಂತು ನಿಂತು ಬರುತ್ತಿತ್ತು, ಬೆಳಗ್ಗೆ ಹಾಗಿರಲಿಲ್ಲ. ಕೊಕ್ಕನ್ನು ಅವರ ಎಡ ಅಂಗೈಯಲ್ಲಿಟ್ಟೆ. ಬೆರಳು ಮಡಚಿಕೊಳ್ಳಲಿಲ್ಲ. ಒಂದೊಂದಾಗಿ ನಾನೇ ಮಡಚಿ, ಟವೆಲು ಸುತ್ತಿ ನಿಲ್ಲಿಸಿದೆ. ಹಿಡಿಕೆಯನ್ನು ನನ್ನ ಬಲಗೈಗೆ ತೆಗೆದುಕೊಂಡೆ.

"ಹಿಡ್ಕೊಂಡಿದೀನಿ ಮಾವ" ಅಂದೆ.

ಕಣ್ಣು ನನ್ನ ಕಡೆ ಹೊರಳಿತು. ಹೊರಳಿತೋ, ಹೊರಳಲಿ ಅಂತ ನನಗೆ ಅನ್ನಿಸಿತೋ. ಅವರಿಗೆ ತಿಳಿಯಿತು ಅಂತ ಬರೆದರೆ ನನಗೆ ಸಮಾಧಾನವಾಗುತ್ತದೆ. ತಿಳಿಯಿತೋ ಇಲ್ಲವೋ ನನಗೆ ಗೊತ್ತಿಲ್ಲ.

ಇವರು ಇವತ್ತು ಬೀದಿಗೆ ಹೋಗಲಿಲ್ಲ. ಅಪ್ಪನ ಕಾಲ ಹತ್ತಿರ ನೆಲದ ಮೇಲೆ ಕೂತಿದ್ದಾರೆ, ಕೈಯಲ್ಲಿ ಇನ್ನೂ ತುಕ್ಕು. ಆಗಲೇ ಹೇಳಿದರು, ಎಷ್ಟು ಹೊತ್ತು ಹೀಗೆ ಕೂರುತ್ತೀಯ, ಕೈ ಮರಗಟ್ಟುತ್ತದೆ, ಇಡು ಅಂತ. ಇಡಲಿಲ್ಲ. ಕೊಟ್ಟವರು "ಬಿಡು" ಅನ್ನಬೇಕು. ಅವರು ಅನ್ನುವುದಿಲ್ಲ, ಅದು ನನಗೆ ಗೊತ್ತು. ಹಿಡಿದುಕೊಂಡೇ ಇದ್ದೇನೆ.